ಬಾಚಣಿಗೆ ನಿಂತ ಜಾಗ

"ಅರ್ಥವಿಲ್ಲದ್ದನ್ನು ಯಾರಾದರೂ ದಿನಾ ಮಾಡುತ್ತಾರೆಯೇ, ಬುದ್ಧಿ?" ಎಂದು ಮಠದ ಶಿಷ್ಯ ಗುರುಪಾದ ತನ್ನ ಗುರುಗಳನ್ನು ಕೇಳಿದ.

"ಯಾರ ಚಾಡಿ ತಂದಿದ್ದೀಯೆ, ಮೊದಲು ಅದನ್ನು ಹೇಳು," ಎಂದರು ಗುರುಗಳು.

"ಚಾಡಿಯಲ್ಲ, ಬುದ್ಧಿ. ಹೊಸಬ ಅಡವಯ್ಯ ಇದ್ದಾನಲ್ಲ, ಜ್ವರದಿಂದ ಎದ್ದು ಬಂದವನು, ಅವನು ದಿನಾ ಬೆಳಿಗ್ಗೆ ಮೈಗೆ ಎಣ್ಣೆ ತಿಕ್ಕಿಕೊಂಡು ಸ್ನಾನ ಮಾಡುತ್ತಾನೆ. ಆಮೇಲೆ ಕೆಮ್ಮಣ್ಣು ಕಲಸಿ ಬಚ್ಚಲಿನ ಹಿಂದಿನ ಗೋಡೆಯ ಮೇಲೆ ಏನೋ ಎಳೆಯುತ್ತಾನೆ. ಅಕ್ಷರವಲ್ಲ, ದೇವರಲ್ಲ, ಹೂವೂ ಅಲ್ಲ. ಕೇಳಿದರೆ ‘ಮೈ ಹಗುರಾಯಿತು, ಅದಕ್ಕೆ’ ಎನ್ನುತ್ತಾನೆ. ನನಗೇನೋ ಅನುಮಾನ."

"ಅನುಮಾನ ಬಂದ ಮೇಲೆ ಏನು ಮಾಡಿದೆ?"

"ನಾನೇನು ಮಾಡಲಿ? ತಮ್ಮ ಕಿವಿಗೆ ಹಾಕಿದೆ."

"ಹಾಕಿದೆಯಲ್ಲ, ಇನ್ನು ನಿನ್ನ ಕಿವಿಯನ್ನು ಇತ್ತ ಕೊಡು," ಎಂದು ಗುರುಗಳು ಕತೆ ಹೇಳಿದರು.

ಕಂಬಳಿ ನೇಯುವವರ ಒಂದು ಮನೆ. ಅಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಮಗ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಸೊಸೆಯ ಮೊದಲ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಆದರೆ ಒಂದನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಬಾಚಿ ತುರುಬು ಕಟ್ಟುವಳು. ಕಟ್ಟಿದ ಮೇಲೆ ಎಣ್ಣೆ ಬೆರಳಿಗೆ ಒಲೆಯ ಮಸಿ ತಾಗಿಸಿ ಹಿತ್ತಿಲ ಗೋಡೆಯ ಮೇಲೆ ಒಂದಿಷ್ಟು ಗೆರೆ ಎಳೆಯುವಳು. ಒಂದು ದಿನ ಗಂಟುಗಂಟು, ಒಂದು ದಿನ ಉದ್ದುದ್ದ, ಒಂದು ದಿನ ಬರೀ ಚುಕ್ಕೆ.

ಅತ್ತೆ ನೋಡಿದಳು. ರಂಗೋಲಿಯಾಗಿದ್ದರೆ ಹೊಸಿಲ ಮುಂದೆ ಹಾಕಬೇಕು, ಹಿತ್ತಿಲಲ್ಲೇಕೆ? ಗಂಡ ಊರಲ್ಲಿಲ್ಲ, ತಲೆ ಬಾಚಿಕೊಳ್ಳುವುದು ಯಾರಿಗೆ? ಅದೂ ಕೂಸು ಕಳೆದುಕೊಂಡವಳು, ಕೈಯಲ್ಲಿ ಮಸಿ! ಅಂದಿನಿಂದ ಹಾಲು ಒಡೆದರೂ ಆ ಗೆರೆಯೇ ಕಾರಣ, ಕುರಿಮರಿ ಕುಂಟಿದರೂ ಆ ಗೆರೆಯೇ ಕಾರಣ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವುದು ಸುಳ್ಳೇ? ಸೊಸೆ ಕೊಟ್ಟ ಮಜ್ಜಿಗೆಯನ್ನು ಕುಡಿಯುವ ಮೊದಲು ಬೆಕ್ಕಿಗೆ ಒಂದು ತೊಟ್ಟು ಹಾಕಿ ನೋಡುವಷ್ಟಾಯಿತು.

ಕೊನೆಗೆ ಕೇಳಿಯೇಬಿಟ್ಟಳು. "ಏನೇ ಅದು? ಯಾರಿಗೆ ಮಾಟ ಮಾಡುತ್ತಿದ್ದೀಯೆ?"

"ಯಾರಿಗೂ ಇಲ್ಲ ಅತ್ತೆ. ತಲೆ ಬಾಚಿಕೊಂಡರೆ ಈ ಒಂದು ದಿನ ಬದುಕಬಹುದು ಅನ್ನಿಸುತ್ತದೆ. ಅದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬೆರಳಿಗೆ ಬಂದ ಹಾಗೆ ಎಳೆಯುತ್ತೇನೆ."

ನಿಜ ಹೇಳಿದವರನ್ನು ಯಾರು ನಂಬುತ್ತಾರೆ! ಅತ್ತೆ ಸಗಣಿ ಕಲಸಿ ಗೋಡೆ ಸಾರಿಸಿದಳು. ಮಾರನೆಯ ದಿನ ಗೆರೆ ಮತ್ತೆ ಬಂತು. ಅತ್ತೆ ಮತ್ತೆ ಸಾರಿಸಿದಳು. ಅಷ್ಟಕ್ಕೇ ಬಿಡದೆ ಬಾಚಣಿಗೆಯನ್ನೂ ಕಿತ್ತುಕೊಂಡು ಅಟ್ಟದ ಮೇಲಿನ ಗಡಿಗೆಯೊಳಗೆ ಹಾಕಿದಳು. ಸೊಸೆ ಜಗಳವಾಡಲಿಲ್ಲ. ಬಾಚುವುದು ಬಿಟ್ಟಳು, ಎಣ್ಣೆ ಬಿಟ್ಟಳು, ಊಟವೂ ಅಷ್ಟಕ್ಕಷ್ಟೇ ಆಯಿತು. ಗೋಡೆ ಚೊಕ್ಕಟವಾಯಿತು. ಅತ್ತೆ ಚೆನ್ನಾಗಿ ನಿದ್ದೆ ಮಾಡಿದಳು.

ತಲೆಗೂದಲು ಸುಮ್ಮನಿರುತ್ತದೆಯೇ? ಬೆವರು, ಧೂಳು ಸೇರಿ ಹಗ್ಗದ ಹಾಗೆ ಜಡೆಗಟ್ಟಿತು. ಆ ಸೀಮೆಯಲ್ಲಿ ಹೆಣ್ಣಿನ ತಲೆ ಜಡೆಗಟ್ಟಿದರೆ ಗುಡ್ಡದ ದೇವಿ ಬಂದು ಕೂತಳೆಂದೇ ನಂಬಿಕೆ. ಅಂಥವಳ ತಲೆಗೆ ಬಾಚಣಿಗೆ ಮುಟ್ಟಿಸಬಾರದು, ಅವಳನ್ನು ದೇವಿಗೆ ಬಿಡಬೇಕು. ಬಿಟ್ಟವಳು ಮತ್ತೆ ಗಂಡನ ಮನೆಯ ಹೊಸಿಲು ಮೆಟ್ಟುವ ಹಾಗಿಲ್ಲ, ಊರೂರು ಬೇಡಿ ತಿನ್ನಬೇಕು. ಊರವರು ಬಂದು ಅವಳಿಗೆ ಅರಿಶಿನ ಕುಂಕುಮ ಹಚ್ಚಿದರು. ಅತ್ತೆ ಎಲ್ಲರಿಗಿಂತ ಮೊದಲು ಅಡ್ಡಬಿದ್ದಳು. ನೋಡು ಗುರುಪಾದ, ಬಾಚಿದ ತಲೆಯನ್ನು ಮಾಟ ಎಂದವಳೂ ಅವಳೇ, ಬಾಚದ ತಲೆಯನ್ನು ದೇವರು ಎಂದವಳೂ ಅವಳೇ. ಇಂಥವರಿಗೆ ಏನನ್ನೋಣ!

ಕರೆದೊಯ್ಯುವ ದಿನ ಸೊಸೆ, "ಅತ್ತೆ, ನನ್ನ ಬಾಚಣಿಗೆ ಕೊಡಿ," ಎಂದಳು.

ಅತ್ತೆಗೆ ಮತ್ತೆ ಅನುಮಾನ. ದೇವಿ ಬಂದವಳಿಗೆ ಬಾಚಣಿಗೆ ಏಕೆ? ಇದರಲ್ಲೂ ಏನೋ ಹುನ್ನಾರ ಇರಬೇಕು. ಕೊಡಲಿಲ್ಲ. ಸೊಸೆ ಹಣೆಯ ಅರಿಶಿನವನ್ನೇ ಬೆರಳಿಗೆ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಗೋಡೆಯ ಮೇಲೆ ಎಳೆದಳು. ಆಮೇಲೆ ಊರವರ ಜೊತೆ ನಡೆದುಹೋದಳು.

ಅತ್ತೆ ಸಗಣಿಯ ಬಟ್ಟೆ ಹಿಡಿದು ಗೋಡೆಯ ಹತ್ತಿರ ಹೋದಳು. ಅಲ್ಲಿ ದೊಡ್ಡದೊಂದು ಗಂಟು. ಮೇಲಿನಿಂದ ಸಾಲಾಗಿ, ನೆಟ್ಟಗೆ ಇಳಿದುಬಂದ ಗೆರೆಗಳು ಆ ಗಂಟಿನೊಳಗೆ ಹೊಕ್ಕು ಅರ್ಧಕ್ಕೇ ನಿಂತಿದ್ದವು. ಅತ್ತೆಯ ಕೈ ತಡೆಯಿತು. ಬುದ್ಧಿ ಬಂದಾಗಿನಿಂದ ಕುರಿಯ ಉಣ್ಣೆ ಹಿಂಜಿ ಬಿಡಿಸಿದ ಕೈ ಅದು. ಎಳೆ ಎಲ್ಲಿ ಗಂಟಾಗುತ್ತದೆ, ಬಾಚಣಿಗೆಯ ಹಲ್ಲು ಎಲ್ಲಿ ಮುಂದಕ್ಕೆ ಹೋಗದೆ ನಿಲ್ಲುತ್ತದೆ ಎಂದು ಆ ಕೈಗೆ ಗೊತ್ತಿತ್ತು.

"ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ! ಇದು ಬರೀ ಕೂದಲ ಸಿಕ್ಕು!" ಎಂದಳು.

ಗಡಿಗೆ ಇಳಿಸಿ, ಬಾಚಣಿಗೆಯನ್ನೂ ಎಣ್ಣೆಯ ಕುಡಿಕೆಯನ್ನೂ ಹಿಡಿದು ಓಡಿದಳು. ಗುಡ್ಡದ ಹಾದಿಯಲ್ಲಿ ಸೊಸೆಯನ್ನು ತಡೆದು, ಮಣ್ಣಿನಲ್ಲೇ ಕೂರಿಸಿ, ತಲೆಗೆ ಎಣ್ಣೆ ಸುರಿದಳು. "ದೇವಿ ಮುನಿಯುತ್ತಾಳೆ!" ಎಂದು ಊರವರು ಕೂಗಿದರು.

"ಮುನಿದರೆ ನನ್ನ ಮೇಲೆ ಮುನಿಯಲಿ. ಅವಳೂ ಹೆಣ್ಣಲ್ಲವೇ, ಅವಳಿಗೂ ಯಾರೋ ತಲೆ ಬಾಚಿರುತ್ತಾರೆ," ಎಂದಳು ಅತ್ತೆ.

ಬಿಡಿಸುವಷ್ಟರಲ್ಲಿ ಹೊತ್ತು ಇಳಿಯಿತು. ಸೊಸೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕೂಸು ಹೋದಾಗ ಅಳದೆ ಉಳಿದದ್ದನ್ನೂ ಅಂದೇ ಅತ್ತಳು. ಇಬ್ಬರೂ ಮನೆಗೆ ಮರಳಿದರು. ಮಾರನೆಯ ಬೆಳಿಗ್ಗೆ ಅತ್ತೆಯೇ ಒಲೆಯ ಮಸಿ ತಂದುಕೊಟ್ಟಳು. ಸೊಸೆ ಏನು ಎಳೆದಳೋ, ಅತ್ತೆಗೆ ಅರ್ಥವಾಗಲಿಲ್ಲ. ಅವಳು ಕೇಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅಡವಯ್ಯನ ಗೆರೆಯನ್ನೂ ಇರಗೊಡಬೇಕು ಅನ್ನಿ, ಬುದ್ಧಿ," ಎಂದ ಗುರುಪಾದ. ಹೇಳುತ್ತ ಹೇಳುತ್ತಲೇ ಅವನ ಕೈ ಹೆಗಲ ಮೇಲಿನ ವಸ್ತ್ರಕ್ಕೆ ಹೋಗಿ, ಕೆಮ್ಮಣ್ಣು ಹತ್ತಿದ ಅಂಚನ್ನು ಒಳಗೆ ಮಡಚಿತು. ಗುರುಗಳು ಅದನ್ನೇ ನೋಡುತ್ತಿದ್ದರು. ಗುರುಪಾದ ತಲೆ ತಗ್ಗಿಸಿದ.

"ಅಡವಯ್ಯ ನಿನ್ನೆಯಿಂದ ಸ್ನಾನಕ್ಕೆ ಎದ್ದಿಲ್ಲ, ಹೋಗಿ ನೀರು ಕಾಯಿಸು, ಗೋಡೆ ಒರೆಸಿದ ಆ ಬಟ್ಟೆಯನ್ನು ಆಮೇಲೆ ಒಗೆದುಕೊಳ್ಳುವೆಯಂತೆ," ಎಂದರು ಗುರುಗಳು.