ಹಿರಿಯ ಸೊಸೆ ಹಂಚಿದ ನಕ್ಷೆ

ಶಿಷ್ಯ ಕೇಳಿದ: "ಗುರುಗಳೇ, ನಾನು ಕಲಿತದ್ದರಲ್ಲಿ ಒಂದನ್ನೂ ಬಚ್ಚಿಟ್ಟವನಲ್ಲ. ಸಹಪಾಠಿಗಳಲ್ಲಿ ಯಾರು ಬಂದು ಕೇಳಿದರೂ ತೆರೆದು ತೋರಿಸಿದ್ದೇನೆ. ಆದರೂ ಅವರು ಬೇಕಾದುದನ್ನು ಪಡೆದುಕೊಂಡು ಹೋಗುತ್ತಾರೆಯೇ ಹೊರತು ನನ್ನೊಡನೆ ಕುಳಿತು ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಹಂಚಿದವನು ಒಂಟಿಯಾಗಿ ಉಳಿಯುವುದು ಏಕೆ?"

ಗುರು ಅವನಿಗೆ ನೆಟ್ಟಗೆ ಕೂರಲು ಹೇಳಿದರು. ಅವನು ಕುಳಿತ ಮೇಲೆ ಕತೆ ಆರಂಭಿಸಿದರು.

ಒಂದು ಊರಿನಲ್ಲಿ ಒಂದು ನೇಕಾರರ ಮನೆ. ಆ ಮನೆಗೆ ಇಬ್ಬರು ಸೊಸೆಯರು. ಹಿರಿಯಳು ಸೀರೆಗೆ ನಕ್ಷೆ ಬರೆಯುವವಳು. ಕಿರಿಯಳು ಆ ನಕ್ಷೆಯನ್ನು ಮಗ್ಗಕ್ಕೆ ಇಳಿಸುವವಳು. ಎಂದರೆ, ನಕ್ಷೆಯ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಪಟ್ಟಿಗೆ ತೂತು ಹೊಡೆಸಿ, ಯಾವ ಎಳೆ ಏಳಬೇಕು, ಯಾವ ಎಳೆ ಕೂರಬೇಕು ಎಂಬುದನ್ನು ಮಗ್ಗಕ್ಕೆ ತಿಳಿಸುವವಳು. ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಕೈ ಹಾಕುತ್ತಿರಲಿಲ್ಲ. ಇಬ್ಬರಿಗೂ ತಮ್ಮ ತಮ್ಮ ಕೆಲಸದ ಮೇಲೆ ಅಭಿಮಾನ ಇತ್ತು. ಇರಬೇಕಾದಷ್ಟು ಇತ್ತು.

ಇಬ್ಬರಿಗೂ ಒಂದೊಂದು ಕಂಪ್ಯೂಟರ್. ಹಿರಿಯಳದು ಮಹಡಿಯಲ್ಲಿ. ಅದು ಲಿನಕ್ಸ್ ಎಂಬ ವ್ಯವಸ್ಥೆಯದು, ಅವಳ ಕೈ ಪಳಗಿದ್ದೇ ಅದರಲ್ಲಿ. ಕಿರಿಯಳದು ಕೆಳಗೆ, ಮಗ್ಗದ ಪಕ್ಕದಲ್ಲಿ. ಅದು ವಿಂಡೋಸ್‌ನದು, ರಟ್ಟಿಗೆ ತೂತು ಹೊಡೆಸುವ ತಂತ್ರಾಂಶ ಬೇರೊಂದರಲ್ಲಿ ನಡೆಯುತ್ತಿರಲಿಲ್ಲ. ಆದ್ದರಿಂದ ನಕ್ಷೆ ಪೆನ್‌ಡ್ರೈವ್‌ನಲ್ಲಿ ಕುಳಿತು ಮೆಟ್ಟಿಲು ಇಳಿಯುತ್ತಿತ್ತು, ತಿದ್ದುಪಡಿಗಾಗಿ ಮತ್ತೆ ಮೆಟ್ಟಿಲು ಹತ್ತುತ್ತಿತ್ತು. ಹೀಗೆ ಇಳಿದು ಹತ್ತುವಾಗ ಒಮ್ಮೆ ಹೊಸ ನಕ್ಷೆಯ ಬದಲು ಹಳೆಯದು ಮಗ್ಗಕ್ಕೆ ಹೋಯಿತು. ನವಿಲು ಬರಬೇಕಾದ ಸೆರಗಿಗೆ ಮಾವಿನಕಾಯಿ ಬಂತು. ಬೀದಿಯವರು ಬಹಳ ದಿನ ನಕ್ಕರು.

ಹಿರಿಯ ಸೊಸೆ ಅವ್ಯವಸ್ಥೆಯನ್ನು ಸಹಿಸುವವಳಲ್ಲ. "ಇನ್ನು ಈ ಮನೆಯಲ್ಲಿ ನಕ್ಷೆಗೆ ಒಂದೇ ಪ್ರತಿ" ಎಂದಳು. ಎರಡೂ ಯಂತ್ರಗಳನ್ನು ಮನೆಯ ಒಂದೇ ರೌಟರ್‌ಗೆ ಸೇರಿಸಿದಳು. ತನ್ನ ಕಂಪ್ಯೂಟರ್‌ನಲ್ಲಿ ನಕ್ಷೆಗಳಿಗೆಂದೇ ಒಂದು ಫೋಲ್ಡರ್ ಮಾಡಿ ಅದನ್ನು ಹಂಚಿಕೆಗೆ ತೆರೆದಳು. ಕೆಳಗಿನ ಯಂತ್ರಕ್ಕೆ ಮೇಲಿನದು ಕಾಣಲಿಲ್ಲ. ಹಿರಿಯಳು ಮೇಲಿನ ಯಂತ್ರದ ವಿಳಾಸವನ್ನು ಅಂಕಿಗಳಲ್ಲೇ ಬರೆದು ಕರೆದಳು. ಕಂಡಿತು, ಆದರೆ ಒಳಗೆ ಬಿಡದೆ, ನೀನು ಯಾರು ಎಂದು ಕೇಳಿತು. ಕಿರಿಯಳು ತನ್ನ ಯಂತ್ರದಲ್ಲಿ ಬಳಸುವ ಹೆಸರು, ಪಾಸ್‌ವರ್ಡ್ ಎರಡನ್ನೂ ಬರೆದಳು. ಮೇಲಿನ ಯಂತ್ರ ಒಪ್ಪಲಿಲ್ಲ. ಬರುವವಳಿಗೆ ತನ್ನ ಹೆಸರು ಗೊತ್ತಿದ್ದರೆ ಸಾಲದು. ಕರೆದ ಮನೆಗೂ ಆ ಹೆಸರು ಗೊತ್ತಿರಬೇಕು. ಹಿರಿಯಳು ಇದನ್ನು ಯಾರನ್ನೂ ಕೇಳದೆ ತಾನೇ ಕಂಡುಕೊಂಡಳು. ತನ್ನ ಯಂತ್ರದಲ್ಲಿ ಓರಗಿತ್ತಿಯ ಹೆಸರಿಗೆ ಒಂದು ಖಾತೆ ತೆರೆದಳು. ಬಾಗಿಲು ತೆರೆಯಿತು.

ಕೊನೆಯದಾಗಿ ಒಂದು ಆಯ್ಕೆ ಉಳಿದಿತ್ತು. ಈಕೆಗೆ ಓದುವ ಅನುಮತಿ ಮಾತ್ರವೋ, ಬರೆಯುವ ಅನುಮತಿಯೂ ಉಂಟೋ? ಹಿರಿಯಳು ಯೋಚಿಸಲಿಲ್ಲ. ಓದುವುದು ಮಾತ್ರ ಎಂದು ಗುರುತು ಹಾಕಿದಳು.

ಆಮೇಲೆ ಅತ್ತೆಯನ್ನು ಕರೆದು ತೋರಿಸಿದಳು. ಮಹಡಿಯಲ್ಲಿ ಉಳಿಸಿದ ನಕ್ಷೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗ್ಗದ ಪಕ್ಕದಲ್ಲಿ ತೆರೆದುಕೊಳ್ಳುತ್ತಿತ್ತು. ನಕ್ಕಿದ್ದ ಬೀದಿಯವರೇ ಬಂದು ನೋಡಿದರು. ತಮ್ಮ ಮನೆಯಲ್ಲೂ ಹೀಗೆ ಮಾಡಿಕೊಡು ಎಂದು ಕೇಳಿದರು. ಅವಳು ಮಾಡಿಕೊಟ್ಟಳು. ಹೆಮ್ಮೆಪಡುವ ಹಕ್ಕು ಅವಳಿಗೆ ಇತ್ತು. ಕೆಲಸ ಅಚ್ಚುಕಟ್ಟಾಗಿತ್ತು.

ಆ ಊರಿನ ನೇಕಾರರ ಸಂಘ ವರ್ಷಕ್ಕೊಂದು ಸೀರೆಯನ್ನು ಆರಿಸುತ್ತಿತ್ತು. ಆಯ್ಕೆಯಾದ ಸೀರೆಯ ನಕ್ಷೆಯನ್ನು ಊರಿನ ಮಗ್ಗಗಳೆಲ್ಲ ನೆಯ್ಯುವುದು ವಾಡಿಕೆ. ಈ ಮನೆಗೆ ಆ ಗೌರವ ಒಮ್ಮೆಯೂ ಬಂದಿರಲಿಲ್ಲ. ಈ ಸಲ ತಂದೇ ತರುವೆನೆಂದು ಹಿರಿಯಳು ಸೆರಗಿನ ತುಂಬ ಹಂಸಗಳ ಸಾಲು ಬರೆದಳು. ಅವಳ ಕೈಯಿಂದ ಅಷ್ಟು ಚೆಲುವಾದುದು ಹಿಂದೆ ಬಂದಿರಲಿಲ್ಲ.

ಕಿರಿಯಳು ಕೆಳಗೆ ನಕ್ಷೆಯನ್ನು ತೆರೆದು ನೋಡಿದಳು. ನೋಡಿ ಮಹಡಿ ಹತ್ತಿ ಬಂದಳು.

"ಅಕ್ಕಾ, ಮೂಲೆಯ ಹಂಸಗಳ ನಡುವೆ ಜರಿಯ ಎಳೆಗೆ ಕಟ್ಟು ಸಿಕ್ಕಿಲ್ಲ. ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತದೆ. ನಡುವೆ ಒಂದು ಚುಕ್ಕೆ ಇಟ್ಟರೂ ಸಾಕು, ಎಳೆ ಅಲ್ಲಿ ಹಿಡಿದುಕೊಳ್ಳುತ್ತದೆ. ನಾನೇ ಇಡೋಣವೆಂದು ಹೋದೆ. ನಿಮ್ಮ ಫೋಲ್ಡರ್ ಮುಟ್ಟಲು ಬಿಡಲಿಲ್ಲ."

"ಬಿಡದ ಹಾಗೆ ಮಾಡಿದವಳು ನಾನೇ."

"ಓ, ಅದೂ ಮಡಿಯಲ್ಲಿದೆಯೇ? ಅಡುಗೆಮನೆಯೊಂದೇ ಎಂದುಕೊಂಡಿದ್ದೆ."

ಹಿರಿಯಳು ನಗಲಿಲ್ಲ. "ಹಂಸಗಳ ನಡುವೆ ಚುಕ್ಕೆ ಇಟ್ಟರೆ ಕೆರೆಗೆ ಯಾರೋ ಕಲ್ಲು ಎಸೆದ ಹಾಗೆ ಕಾಣುತ್ತದೆ. ನೋಡುವುದಕ್ಕೆ ಕೊಟ್ಟಿದ್ದೇನೆ, ನೋಡು. ಫೋಲ್ಡರ್‌ನಲ್ಲಿ ಇರುವುದೇ ಮಗ್ಗಕ್ಕೆ ಹೋಗತಕ್ಕದ್ದು."

"ಆಗಲಿ ಅಕ್ಕಾ. ನಿಮ್ಮ ಕೆರೆ, ನಿಮ್ಮ ಹಂಸ."

ಕಿರಿಯಳು ಇಳಿದು ಹೋದಳು. ಇದ್ದುದನ್ನು ಇದ್ದ ಹಾಗೆ ರಟ್ಟಿಗೆ ಇಳಿಸಿದಳು. ಎರಡನೆಯ ಸಲ ಹೇಳುವುದು ಅವಳ ಸ್ವಭಾವವಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ. ಹೊಸ ನಕ್ಷೆಯ ಮೊದಲ ಸೀರೆ ಹೊರಗೆ ಹೋಗುವುದಿಲ್ಲ. ಮನೆಯ ಹಿರಿಯ ಹೆಂಗಸು ಅದನ್ನು ಉಟ್ಟು ದಿನದ ಕೆಲಸವನ್ನೆಲ್ಲ ಮಾಡಬೇಕು. ಕೆಲಸಕ್ಕೆ ಒಗ್ಗಿದ ಮೇಲೆ ಅದೇ ನಕ್ಷೆಯ ಎರಡನೆಯ ಸೀರೆ ಊರಿನ ಕಣ್ಣಿಗೆ ಬೀಳಬೇಕು. ಅದರಂತೆ ಅತ್ತೆ ಹಂಸದ ಸೀರೆ ಉಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿ ಬಡಿಯಲು ಕುಳಿತರು. ಏಳುವಾಗ ಕೈಬಳೆ ಸೆರಗಿನ ಮೂಲೆಗೆ ಸಿಕ್ಕಿತು. ಜರಿಯ ಎಳೆ ಬಳೆಯ ಜೊತೆಗೇ ಬಂತು. ಒಂದು ಹಂಸದ ಕೊರಳು ಮುದುಡಿ ಹೋಯಿತು.

ಅತ್ತೆ ಇಬ್ಬರನ್ನೂ ಕರೆದರು.

"ಈ ಎಳೆಗೆ ಕಟ್ಟು ಇಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ?"

ಕಿರಿಯಳು ಮಾತಾಡಲಿಲ್ಲ. ಅವಳು ಮಾತಾಡುವುದಿಲ್ಲ ಎಂಬುದು ಹಿರಿಯಳಿಗೆ ತಿಳಿಯಿತು. ತಾನೂ ಸುಮ್ಮನಿದ್ದರೆ ತಪ್ಪು ಮಗ್ಗದ್ದಾಗುತ್ತಿತ್ತು. ಮಗ್ಗದ ತಪ್ಪೆಂದರೆ ಆ ಮನೆಯಲ್ಲಿ ಕಿರಿಯಳ ತಪ್ಪು. ಹಂಸಗಳಿಗೆ ಕಳಂಕ ತಟ್ಟುತ್ತಿರಲಿಲ್ಲ. ಹಿರಿಯಳು ಇದನ್ನೆಲ್ಲ ಸ್ಪಷ್ಟವಾಗಿ ಕಂಡಳು. ಕಂಡ ಮೇಲೆ ಅವಳಿಗೆ ಆ ಸುಮ್ಮನಿರುವಿಕೆ ತನ್ನ ಅಂತಸ್ತಿಗೆ ತಕ್ಕದ್ದಲ್ಲ ಎನಿಸಿತು.

"ಬಿದ್ದಿತ್ತು ಅತ್ತೆ. ಇವಳ ಕಣ್ಣಿಗೆ. ತಿದ್ದಲು ಬಂದಳು, ನಾನು ಬಿಡಲಿಲ್ಲ."

"ಇನ್ನೊಂದು ನೆಯ್ದು ಸಂಘಕ್ಕೆ ಒಪ್ಪಿಸಲು ಸಮಯ ಉಂಟೋ?"

"ಈಗಲೇ ಕುಳಿತರೆ ಉಂಟು" ಎಂದಳು ಕಿರಿಯಳು.

"ಮತ್ತೆ ನನ್ನ ಮುಖ ಏನು ನೋಡುತ್ತೀರಿ? ಅದರಲ್ಲಿ ನಕ್ಷೆ ಇದೆಯೇ?"

ಹಿರಿಯಳು ಮಹಡಿಗೆ ಹೋದಳು. ಅನುಮತಿಯ ಪುಟ ತೆರೆದಳು. ಅಲ್ಲಿ ಅವಳ ಕೈ ತಡೆಯಿತು. ತಾನು ಬರೆದುದರ ಮೇಲೆ ಇದುವರೆಗೆ ಬೇರೆ ಕೈ ಬಿದ್ದಿರಲಿಲ್ಲ. ಬಿದ್ದ ಮೇಲೆ ಆ ಹಂಸಗಳು ತಾನು ಬರೆದ ಹಂಸಗಳಾಗಿಯೇ ಉಳಿಯುತ್ತವೆ ಎಂಬ ಭರವಸೆ ಇರಲಿಲ್ಲ. ಸೀರೆ ಕೆಡಬಹುದು, ಆಯ್ಕೆ ತಪ್ಪಬಹುದು. ಎಲ್ಲವನ್ನೂ ತೂಗಿ ನೋಡಿ, ಓರಗಿತ್ತಿಯ ಹೆಸರಿಗೆ ಬರೆಯುವ ಅನುಮತಿ ಕೊಟ್ಟಳು. ಕೊಟ್ಟು, ಪರದೆಯ ಮುಂದೆಯೇ ಕುಳಿತಳು.

ಕೆಳಗೆ ಕಿರಿಯಳು ತಿದ್ದಿ ಉಳಿಸಿದಳು. ಮೇಲೆ ಹಿರಿಯಳು ತೆರೆದು ನೋಡಿದಳು. ಚುಕ್ಕೆ ಇರಲಿಲ್ಲ. ಹಂಸದ ಎದೆಯ ಬಳಿಯಿಂದ ಹೊರಟು ಮುಂದಿನ ಹಂಸದವರೆಗೆ ಸಾಗಿದ ಸಣ್ಣದೊಂದು ಅಲೆ ಇತ್ತು. ಆ ಅಲೆಯ ಉದ್ದಕ್ಕೂ ಜರಿಗೆ ಕಟ್ಟು ಸಿಕ್ಕಿತ್ತು. ಅದುವರೆಗೆ ಹಂಸಗಳು ಸಾಲಾಗಿ ಕುಳಿತಿದ್ದವು, ಈಗ ಈಜುತ್ತಿದ್ದವು. ಹಿರಿಯಳು ಬಹಳ ಹೊತ್ತು ನೋಡಿದಳು. ಆಮೇಲೆ ಅಲೆಗೆ ಹೊಂದುವಂತೆ ಹಂಸಗಳ ಕೊರಳನ್ನು ತುಸು ಬಾಗಿಸಿ ಉಳಿಸಿದಳು. ಕೆಳಗಿನಿಂದ ಕಿರಿಯಳ ದನಿ ಬಂತು: "ಅಕ್ಕಾ, ಈಗ ಸರಿ ಹೋಯಿತು. ರಟ್ಟು ಹೊಡೆಸಲೇ?"

"ಹೊಡೆಸು."

ಸಂಘದವರು ಸೀರೆಯನ್ನು ಬಿಡಿಸಿ ಹಾಸಿದರು. ಹಿರಿಯ ನೇಕಾರರೊಬ್ಬರು ಸೆರಗಿನ ಹಿಂಬದಿ ತಿರುವಿ ಉಗುರಿನಿಂದ ಕೆರೆದು ನೋಡಿದರು. ಎಳೆ ಏಳಲಿಲ್ಲ. ಮುಂಬದಿಗೆ ತಿರುವಿ, ಈ ಅಲೆ ಬರೆದ ಕೈ ಯಾವುದು ಎಂದು ಕೇಳಿದರು. ಹಿರಿಯ ಸೊಸೆ ತಲೆಯೆತ್ತಿ ನಿಂತು ತನ್ನ ಓರಗಿತ್ತಿಯ ಹೆಸರು ಹೇಳಿದಳು. ತನ್ನ ಹೆಸರನ್ನು ಹೇಳಿಕೊಂಡ ಯಾವ ದಿನವೂ ಅವಳ ದನಿ ಅಷ್ಟು ಗಟ್ಟಿಯಾಗಿರಲಿಲ್ಲ. ಆ ವರ್ಷ ಊರಿನ ಮಗ್ಗಗಳೆಲ್ಲ ಆ ಮನೆಯ ಹಂಸಗಳನ್ನೇ ನೆಯ್ದವು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಆ ಕಿರಿಯಳು ಬಲ್ಲವಳು, ಗುರುಗಳೇ. ಅವಳಿಗೆ ಬಿಡಬಹುದು. ನನ್ನ ಸಹಪಾಠಿಗಳಿಗೆ ಬಿಟ್ಟರೆ ನಾನು ಕಟ್ಟಿದ್ದನ್ನು ಕೆಡಿಸಿಯಾರು. ಕೆಡಿಸಲು ಬಿಡದೆ, ತಿದ್ದಲು ಮಾತ್ರ ಬಿಡುವ ದಾರಿ ಇಲ್ಲವೇ?"

ಗುರು ಹೇಳಿದರು: "ಕೆಡಿಸುವುದಕ್ಕೂ ತಿದ್ದುವುದಕ್ಕೂ ಅನುಮತಿ ಒಂದೇ. ಅದನ್ನು ಕೊಡದವನು ತೋರಿಸಿದ್ದಾನೆ ಅಷ್ಟೇ, ಹಂಚಿಲ್ಲ."