ಕಂದು ಎಂದರೆ ಎತ್ತರ

ಶಾಲೆಯ ಗ್ರಂಥಾಲಯದಲ್ಲಿ ಒಂದು ಪುಸ್ತಕದ ಹುಳು ಸಚಿತ್ರ ಭೂಗೋಳ ಕೋಶದ ಮುಂದಿನ ರಟ್ಟಿನಲ್ಲಿ ಹೊಕ್ಕು, ಪುಟಪುಟವನ್ನೂ ಕೊರೆದು, ಮೂರು ತಿಂಗಳ ಮೇಲೆ ಹಿಂದಿನ ರಟ್ಟಿನಿಂದ ಹೊರಬಂತು. "ಭೂಗೋಳವನ್ನು ಅರೆದು ಕುಡಿದಿದ್ದೇನೆ. ಯಾರು ಏನು ಬೇಕಾದರೂ ಕೇಳಬಹುದು" ಎಂದು ಸಾರಿತು.

ಬೀರುವಿನ ಬುಡದಲ್ಲಿ ಗೂಡು ಮಾಡಿಕೊಂಡಿದ್ದ ಇರುವೆಯೊಂದು ಮೊಟ್ಟೆ ಹೊತ್ತು ಮೇಲೆ ಹತ್ತುತ್ತಿತ್ತು. "ಪಂಡಿತರೇ, ಮಳೆ ಬರುವ ಹಾಗಿದೆ. ಮಕ್ಕಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು. ಈ ಬೀರುವಿನ ನೆತ್ತಿ ಆಗಬಹುದೇ?"

"ಛೇ, ಛೇ! ಬೀರು ಹಸಿರು ಬಣ್ಣದ್ದು. ಭೂಪಟದಲ್ಲಿ ಹಸಿರು ಎಂದರೆ ತಗ್ಗು, ಕಂದು ಎಂದರೆ ಎತ್ತರ. ಬಾಗಿಲ ಬಳಿ ಕಂದು ಬಣ್ಣದ ನಾರಿನ ಕಾಲೊರಸು ಇದೆಯಲ್ಲ, ಅದೇ ಪರ್ವತ."

"ಅದನ್ನು ಜನ ತುಳಿದು ಹೋಗುತ್ತಾರಲ್ಲ?"

"ಅವರನ್ನು ಪರ್ವತಾರೋಹಿಗಳು ಎನ್ನುತ್ತಾರೆ."

ಇರುವೆ ಕೋಶದ ಕಡೆ ನೋಡಿತು. ಕೋಶ ನಿಟ್ಟುಸಿರು ಬಿಟ್ಟಿತು. "ಈ ಬಣ್ಣಗಳು ಭೂಪಟಕ್ಕೆ ಮಾತ್ರ ಎಂದು ನನ್ನ ಮೊದಲ ಪುಟದಲ್ಲೇ ಬರೆದಿತ್ತು. ಆ ಸಾಲನ್ನು ಇವರು ತಿಂದುಬಿಟ್ಟರು."

"ತಿಂದದ್ದರಿಂದಲೇ ವಿದ್ಯೆ ನನ್ನ ಹೊಟ್ಟೆಯಲ್ಲಿದೆ!" ಎಂದು ಗದರಿದ ಹುಳು ಸರಸರನೆ ಇಳಿದು ಹೋಗಿ ಕಾಲೊರಸಿನ ನಡುವೆ ಠೀವಿಯಿಂದ ಕುಳಿತಿತು.

ಮಧ್ಯಾಹ್ನ ಮಳೆ ಸುರಿಯಿತು. ಬಾಗಿಲ ಸಂದಿಯಿಂದ ನುಗ್ಗಿದ ನೀರು ಕಾಲೊರಸನ್ನು ಮುಳುಗಿಸಿತು. ನೀರಲ್ಲಿ ಉರುಳುತ್ತಾ ಹುಳು ಕೂಗಿಕೊಂಡಿತು: "ಅನ್ಯಾಯ! ಇಲ್ಲಿಗೆ ನೀರು ಬರುವಂತಿಲ್ಲ! ಇದು ಕಂದು!"

ಬೀರುವಿನ ನೆತ್ತಿಯಲ್ಲಿ ಕೊನೆಯ ಮೊಟ್ಟೆಯನ್ನು ಇಳಿಸಿ ಇರುವೆ ಹೇಳಿತು: "ಏನು ಮಾಡುವುದು ಪಂಡಿತರೇ, ನೀರಿಗೆ ಓದು ಬರಹ ಬರುವುದಿಲ್ಲ."