ಕರುವಿಗೆ ಬಿಟ್ಟ ಮೊಲೆ

ಡೇರಿಗೆ ಹಾಕಿದ ಹಾಲಿಗೆ ಸರ್ಕಾರ ಲೀಟರಿನ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಟ್ಟಿತು. ಆ ದುಡ್ಡಿನಲ್ಲಿ ಪಕ್ಕದ ಮನೆಯ ಸೀಮೆಹಸುವಿನ ಕೊರಳಿಗೆ ಹಿತ್ತಾಳೆ ಗಂಟೆ ಬಂತು. ಅದನ್ನು ಕಂಡು ಈ ಮನೆಯ ನಾಟಿ ಹಸುವಿಗೆ ಹೊಟ್ಟೆ ಉರಿಯಿತು.

“ಅಕ್ಕಾ, ಅಷ್ಟು ಹಾಲು ಎಲ್ಲಿಂದ ತರುತ್ತೀ?” ಎಂದು ಕೇಳಿತು.

“ನನ್ನ ಕರುವನ್ನು ಮಾರಿಬಿಟ್ಟರು. ಇನ್ನು ಯಾರಿಗೆ ಉಳಿಸಲಿ? ನಾಲ್ಕು ಮೊಲೆಯನ್ನೂ ಕರೆಯುತ್ತಾರೆ. ನಿನ್ನ ಯಜಮಾನಿ ಒಂದು ಮೊಲೆಯನ್ನು ಕರುವಿಗೆ ಬಿಡುತ್ತಾಳಲ್ಲ, ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚು,” ಎಂದಿತು ಸೀಮೆಹಸು.

ನಾಟಿ ಹಸುವಿಗೆ ಕೇಳಿಸಿದ್ದು ಗಂಟೆಯ ಸದ್ದು ಮಾತ್ರ. ಅಂದಿನಿಂದ ಅದು ಕರುವನ್ನು ಒದ್ದು ದೂರವಿಟ್ಟು, ಆ ಮೊಲೆಯ ಹಾಲನ್ನೂ ಯಜಮಾನಿಯ ಚೊಂಬಿಗೆ ಇಳಿಸಿತು.

ಮುಂದಿನ ಕಂತು ಬಂದಾಗ ಅದಕ್ಕೂ ಗಂಟೆ ಕಟ್ಟಿದರು. ಸಂಜೆ ಮೇದು ಬರುವಾಗ ಅದು ಬೇಕೆಂದೇ ಕೊರಳಾಡಿಸುತ್ತ ಬಂತು. ಕೊಟ್ಟಿಗೆಯಲ್ಲಿ ಮಲಗಿದ್ದ ಕರು ತಲೆ ಎತ್ತಲಿಲ್ಲ. ಪಕ್ಕದ ಮನೆ ಹಸು ಬರುತ್ತಿದೆ ಅಂದುಕೊಂಡಿತು.